46 ಕಾರ್ಡು, 104 ಗೆರೆ: ಹಿರಗನ ಕಲಿಯುವ ಎರಡು ವಾರದ ಕೆಲಸ

ದಿನಕ್ಕೆ 40 ನಿಮಿಷದಂತೆ ಎರಡು ವಾರದ ಕೆಲಸ ಇದು. ಮುಗಿಯುವ ಹೊತ್ತಿಗೆ ಹಿರಗನದ 46 ಅಕ್ಷರಗಳನ್ನು ಹೇಗೆ ಕಲಸಿ ಮುಂದಿಟ್ಟರೂ ತಡವರಿಸದೆ ಓದಬೇಕು, ಯಾರಾದರೂ ಹೇಳಿದರೆ ಪಟ ನೋಡದೆ ಬರೆಯಬೇಕು. ಜಪಾನಿನ ಒಂದನೇ ತರಗತಿಯ ಮಕ್ಕಳಿಗೆ ಮೊದಲು ಕಲಿಸುವ ಲಿಪಿ ಇದು. ಜಪಾನಿಯ ಇನ್ನೆರಡು ಲಿಪಿಗಳಾದ ಕತಕನ, ಕಂಜಿ ಆಮೇಲಿನ ಮಾತು.

ಷರತ್ತು ಒಂದೇ: ನಡುವೆ ಇಂಗ್ಲಿಷ್ ಅಕ್ಷರ ತರಬಾರದು. ಕನ್ನಡ ಓದಬಲ್ಲವರಿಗೆ ಹಿರಗನದ ಅರ್ಧ ಭಾಗ, ಅಂದರೆ ಅಕ್ಷರಗಳ ಕ್ರಮ ಮತ್ತು ಉಚ್ಚಾರ, ಹೆಚ್ಚುಕಡಿಮೆ ಗೊತ್ತೇ ಇದೆ. ಉಳಿದದ್ದು ಕಣ್ಣು ಮತ್ತು ಕೈಯ ಕೆಲಸ. ಇಂಗ್ಲಿಷ್ ಪಟ ಹಿಡಿದು ಕೂತರೆ ಗೊತ್ತಿದ್ದ ಅರ್ಧವೂ ಕೆಡುತ್ತದೆ, ಏಕೆಂದರೆ ಅದರಲ್ಲಿ ಹ್ರಸ್ವ ಯಾವುದು ದೀರ್ಘ ಯಾವುದು ಎಂದು ಕಣ್ಣಿಗೆ ಕಾಣುವುದಿಲ್ಲ. ‘ಹಿರಗನ’ ಎಂಬ ಹೆಸರೇ ನಮ್ಮಲ್ಲಿ ‘ಹಿರಗಾನ’ ಆಗಿ ಓಡಾಡುತ್ತಿದೆ. ಅದರಲ್ಲಿ ಒಂದೂ ದೀರ್ಘವಿಲ್ಲ.

ಇಲ್ಲಿ ಅಕ್ಷರಗಳನ್ನು ಅವುಗಳ ಕನ್ನಡ ಉಚ್ಚಾರದಿಂದಲೇ ಹೆಸರಿಸಿದೆ. ಪಕ್ಕದಲ್ಲಿ ಒಂದು ಹಿರಗನ ಪಟ ತೆರೆದಿಟ್ಟುಕೊಂಡು ಓದಿ.

ಸಾಮಾನು

ಡ್ರಾಯಿಂಗ್ ಶೀಟಿನಷ್ಟು ದಪ್ಪದ ಎ4 ಹಾಳೆ ಮೂರು. ಒಂದೊಂದನ್ನೂ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಭಾಗ ಮಾಡಿದರೆ ಸುಮಾರು 52 ಮಿ.ಮೀ. × 74 ಮಿ.ಮೀ. ಅಳತೆಯ 16 ಕಾರ್ಡು. ಒಟ್ಟು 48. ಅಕ್ಷರಕ್ಕೆ 46 ಹೋಗಿ ಎರಡು ಮಿಗುತ್ತವೆ; ಬಿಸಾಡಬೇಡಿ, ಚಿಕ್ಕ ಅಕ್ಷರಗಳಿಗೆ ಬೇಕು. ಒಂದು ಸೆಂಟಿಮೀಟರ್ ಚೌಕದ ಲೆಕ್ಕದ ನೋಟ್‌ಬುಕ್ ಒಂದು. 2ಬಿ ಪೆನ್ಸಿಲ್. ಅಂಗೈ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡು, ಅದರ ಮೇಲೆ ಬರೆಯಲು ಮಾರ್ಕರ್.

ಬಾಲ್ ಪೆನ್ ಬೇಡ. ಹಿರಗನ ಕುಂಚದಲ್ಲಿ ಹುಟ್ಟಿದ ಲಿಪಿ. ಗೆರೆ ಮುಗಿಯುವ ಬಗೆ ಮೂರು: ಒತ್ತಿ ನಿಲ್ಲಿಸುವುದು (ತೊಮೆ), ತುದಿಯನ್ನು ಚಿಮ್ಮಿಸುವುದು (ಹನೆ), ಒತ್ತಡ ಇಳಿಸುತ್ತ ತೇಲಿಸಿ ಬಿಡುವುದು (ಹರೈ). ಬಾಲ್ ಪೆನ್ನಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ, ತಪ್ಪು ಗೊತ್ತಾಗುವುದಿಲ್ಲ. ಮೆತ್ತನೆಯ ಪೆನ್ಸಿಲ್‌ನಲ್ಲಿ ತಪ್ಪು ಎದ್ದು ಕಾಣುತ್ತದೆ.

ಲೆಕ್ಕದ ನೋಟ್‌ಬುಕ್ಕಿನಲ್ಲಿ ನಾಲ್ಕು ಚೌಕ ಸೇರಿಸಿ ಎರಡು ಸೆಂಟಿಮೀಟರ್‌ನ ಒಂದು ಮನೆ ಮಾಡಿಕೊಳ್ಳಿ, ಹೊರಗೆರೆಯನ್ನು ಮಾತ್ರ ದಪ್ಪಗೆ ಎಳೆಯಿರಿ. ಒಳಗೆ ತಾನಾಗಿಯೇ ಒಂದು ಶಿಲುಬೆಗೆರೆ ಉಳಿಯುತ್ತದೆ. ಜಪಾನಿನ ಮಕ್ಕಳ ಬರವಣಿಗೆ ಪುಸ್ತಕದಲ್ಲಿ ಚುಕ್ಕಿಗೆರೆಯಲ್ಲಿ ಅಚ್ಚಾಗಿರುವುದೂ ಇದೇ. ಯಾವ ಗೆರೆ ಯಾವ ಕಾಲುಭಾಗದಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ಅಳೆಯಲು ಇದು ಬೇಕೇ ಬೇಕು.

ಕಾರ್ಡಿನ ಮುಂದೆ ಅಕ್ಷರ, ಹಿಂದೆ ಕನ್ನಡದಲ್ಲಿ ಉಚ್ಚಾರ, ಅಷ್ಟೇ. ಸಾಲಿಗೊಂದು ಬಣ್ಣ, ಮೂಲೆಯಲ್ಲೊಂದು ಚಿತ್ರ ಹಾಕುವ ಆಸೆಯಾಗುತ್ತದೆ. ಹಾಕಿದರೆ ಮನಸ್ಸು ಬಣ್ಣವನ್ನು ನೆನಪಿಡುತ್ತದೆ, ಅಕ್ಷರವನ್ನಲ್ಲ. ಟೀ ಕಲೆ ಬಿದ್ದ ಕಾರ್ಡನ್ನೂ ಇದೇ ಕಾರಣಕ್ಕೆ ಬದಲಿಸಬೇಕು. ಬಲಗಡೆಯ ಕೆಳಮೂಲೆಯನ್ನು ಸ್ವಲ್ಪ ಕತ್ತರಿಸಿ. ಕಲಸಿದಾಗ ಯಾವುದು ತಲೆಕೆಳಗಾಗಿದೆ ಎಂದು ಕೂಡಲೇ ತಿಳಿಯುತ್ತದೆ.

ಯಾವ ಪಟ ನೋಡಿ ಬರೆದುಕೊಳ್ಳುತ್ತೀರಿ ಎಂಬುದು ಮುಖ್ಯ. ಅಚ್ಚಿನ ಫಾಂಟುಗಳಲ್ಲಿ ‘ಕಿ’, ‘ಸ’ ಅಕ್ಷರಗಳ ಓರೆಗೆರೆಯೂ ಕೆಳಗಿನ ಬಾಗೂ ಅಂಟಿಕೊಂಡಿರುತ್ತವೆ. ಕೈಬರಹದಲ್ಲಿ ಅವು ಬಿಡಿ. ‘ರಿ’ಯ ಎರಡು ಗೆರೆಗಳೂ ಕೆಲವು ಅಚ್ಚಿನಲ್ಲಿ ಒಂದಾಗಿರುತ್ತವೆ. ಆದ್ದರಿಂದ ಪಠ್ಯಪುಸ್ತಕ ಶೈಲಿಯ ಫಾಂಟಿನಿಂದಲೇ ನಕಲು ಮಾಡಿ. ವಿಂಡೋಸ್ 10ರ ಜಪಾನಿ ಫಾಂಟುಗಳಲ್ಲಿ ‘ಯುಡಿ ಡಿಜಿಟಲ್ ಕ್ಯೋಕಶೊ’ ಸಿಗುತ್ತದೆ, ಗೂಗಲ್ ಫಾಂಟ್ಸ್‌ನಲ್ಲಿ ‘ಕ್ಲೀ ಒನ್’ ಉಚಿತ. ಅಚ್ಚಿನ ರೂಪವನ್ನು ಓದಲು ಕಲಿತರೆ ಸಾಕು, ಬರೆಯುವುದು ಬೇಡ.

1ರಿಂದ 5ನೇ ದಿನ: ಬರೀ ಓದು

ದಿನಕ್ಕೆ ಎರಡು ಸಾಲು. ಸ್ವರಗಳು ಅ, ಇ, ಉ, ಎ, ಒ. ಕನ್ನಡದ ಹ್ರಸ್ವಸ್ವರಗಳ ಕ್ರಮವೇ. ಹ್ರಸ್ವ ಎ, ಒ ಇಲ್ಲದ ಹಿಂದಿಯವರು ಇಲ್ಲಿ ಕಷ್ಟಪಡುತ್ತಾರೆ. ನಮಗೆ ಆ ತೊಂದರೆ ಇಲ್ಲ. ವ್ಯಂಜನಗಳ ಸಾಲು ಕ, ಸ, ತ, ನ, ಹ, ಮ, ಯ, ರ, ವ. ಕೊನೆಗೆ ಒಂಟಿಯಾಗಿ ‘ನ್’.

ಇದನ್ನು ನಮ್ಮ ವರ್ಣಮಾಲೆಯ ಮೇಲಿಟ್ಟು ನೋಡಿ. ಕ ವರ್ಗ, ಚ ವರ್ಗದ ಜಾಗದಲ್ಲಿ ಸ, ತ ವರ್ಗ ಮತ್ತು ಅದರ ಅನುನಾಸಿಕ ನ, ಪ ವರ್ಗದ ಜಾಗದಲ್ಲಿ ಹ, ಅದರ ಅನುನಾಸಿಕ ಮ, ಆಮೇಲೆ ಯ, ರ, ವ. ಸಿದ್ಧಂ ಲಿಪಿಯ ಮೂಲಕ ಸಂಸ್ಕೃತ ಕಲಿತ ಜಪಾನಿನ ಬೌದ್ಧ ಭಿಕ್ಷುಗಳ ಅಧ್ಯಯನದಿಂದ ಬಂದ ಜೋಡಣೆ ಇದು. ಪ ಇರಬೇಕಾದಲ್ಲಿ ಹ ಕೂತಿರುವುದಕ್ಕೂ ಕಾರಣವಿದೆ: ಹಿಂದೆ ಆ ಸಾಲಿನ ಉಚ್ಚಾರ ‘ಪ’ ಆಗಿತ್ತು, ಕಾಲಕ್ರಮದಲ್ಲಿ ‘ಹ’ ಆಯಿತು. ಪಾಲ್ ಹಾಲಾದ, ಪೂ ಹೂವಾದ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಮಾತು 10ನೇ ದಿನ ಮತ್ತೆ ಕೆಲಸಕ್ಕೆ ಬರುತ್ತದೆ.

ಯ ಸಾಲಿನಲ್ಲಿ ಯ, ಯು, ಯೊ ಮೂರೇ. ವ ಸಾಲಿನಲ್ಲಿ ವ ಮತ್ತು ವೊ ಎರಡೇ. ವಿ, ವೆ 1946ರ ಕಾಗುಣಿತ ಸುಧಾರಣೆಯಲ್ಲಿ ಬಳಕೆಯಿಂದ ಹೋದವು. ಸಾಲು ತಪ್ಪುವ ಉಚ್ಚಾರ ನಾಲ್ಕು: ಸಿ ಅಲ್ಲ ಶಿ, ತಿ ಅಲ್ಲ ಚಿ, ತು ಅಲ್ಲ ತ್ಸು, ಹು ಅಲ್ಲ ಫು. ಈ ‘ಫು’ ಹೇಳುವಾಗ ಹಲ್ಲು ತುಟಿಗೆ ತಾಗಬಾರದು. ದೀಪ ಊದುವಂತೆ ಎರಡು ತುಟಿಗಳ ನಡುವಿನ ಗಾಳಿ. ತ ಸಾಲು ನಮ್ಮ ‘ತ’ಗೇ ಹತ್ತಿರ, ‘ಟ’ಗಲ್ಲ. ರ ಸಾಲಿಗೆ ನಾಲಿಗೆ ಒಂದೇ ಸಲ ತಟ್ಟಿದರೆ ಸಾಕು, ಅದುರಿಸಬಾರದು.

ಕನ್ನಡದ ಕಣ್ಣು ಎಡವುವುದು ಕಾಗುಣಿತದಲ್ಲಿ. ಕ, ಕಿ, ಕು ಎಂದರೆ ಒಂದು ಮೂಲ ಆಕಾರ, ಅದಕ್ಕೊಂದು ಗುಡಿಸು, ಒಂದು ಕೊಂಬು ಎಂದು ನಾವು ಹುಡುಕುತ್ತೇವೆ. ಇಲ್ಲಿ ಹಾಗೇನೂ ಇಲ್ಲ. ಒಂದೊಂದು ಅಕ್ಷರವೂ ಒಂದೊಂದು ಬೇರೆ ಚೀನೀ ಅಕ್ಷರವನ್ನು ವೇಗವಾಗಿ ಬರೆಯುತ್ತ ಸವೆದ ರೂಪ. ‘ಕ’ ಬಂದದ್ದು ‘ಕೂಡಿಸು’ ಎಂಬರ್ಥದ ಅಕ್ಷರದಿಂದ, ‘ಕಿ’ ಬಂದದ್ದು ‘ಎಷ್ಟು’ ಎಂಬರ್ಥದ್ದರಿಂದ. ಹೋಲಿಕೆ ಹುಡುಕಿ ಸಮಯ ಕಳೆಯಬೇಡಿ. ಒಂದು ಉಚ್ಚಾರಕ್ಕೆ ಹಿಂದೆ ಹಲವು ರೂಪಗಳಿದ್ದವು, 1900ರಲ್ಲಿ ಪ್ರಾಥಮಿಕ ಶಾಲೆಗಳ ನಿಯಮ ಒಂದೊಂದನ್ನೇ ಉಳಿಸಿತು. ಇಂದು 46 ಕಲಿತರೆ ಸಾಕಾಗುವುದು ಅದರಿಂದಲೇ.

ಪ್ರತಿದಿನ ಹೊಸ ಎರಡು ಸಾಲು ಓದಿದ ಮೇಲೆ ಹಳೆಯ ಕಾರ್ಡುಗಳನ್ನೂ ಸೇರಿಸಿ ಕಲಸಿ. ಕಲಸದೆ ಓದಿದರೆ ಮಗ್ಗಿ ಒಪ್ಪಿಸಿದಂತೆ ಬಾಯಿ ತಾನೇ ಓಡುತ್ತದೆ, ಕಣ್ಣು ನೋಡಿಯೇ ಇರುವುದಿಲ್ಲ. ಎರಡು ಸೆಕೆಂಡಿನಲ್ಲಿ ಬಾರದ ಕಾರ್ಡು ‘ತಪ್ಪಿದ ಕಟ್ಟು’ ಸೇರಬೇಕು, ಆ ಕಟ್ಟನ್ನು ಅವತ್ತೇ ರಾತ್ರಿ ಇನ್ನೊಮ್ಮೆ ಓದಬೇಕು.

6ರಿಂದ 9ನೇ ದಿನ: ಕೈ

ಓದಿದ ಕ್ರಮದಲ್ಲಿ ಬರೆಯಬೇಡಿ. ಮೊದಲ ಅಕ್ಷರ ‘ಅ’ ಮೂರು ಗೆರೆಯದು, ದೊಡ್ಡ ಸುತ್ತು ಇರುವಂಥದ್ದು, ಹೊಸಬರ ಕೈಗೆ ಕಷ್ಟ. ಜಪಾನಿನ ಹಲವು ಅಭ್ಯಾಸ ಪುಸ್ತಕಗಳೂ ತ್ಸು, ಕು, ಶಿ, ಹೆಯಂಥ ಸರಳ ಅಕ್ಷರಗಳಿಂದಲೇ ಶುರುವಾಗುತ್ತವೆ. ಗೆರೆಗಳ ಲೆಕ್ಕದಲ್ಲಿ ವಿಂಗಡಿಸಿದರೆ ಹೀಗಾಗುತ್ತದೆ:

ಒಂದು ಗೆರೆ (11): ಕು, ಶಿ, ಸೊ, ತ್ಸು, ತೆ, ನೊ, ಹಿ, ಹೆ, ರು, ರೊ, ನ್.
ಎರಡು ಗೆರೆ (17): ಇ, ಉ, ಎ, ಕೊ, ಸು, ಚಿ, ತೊ, ನು, ನೆ, ಮಿ, ಮೆ, ಯು, ಯೊ, ರ, ರಿ, ರೆ, ವ.
ಮೂರು ಗೆರೆ (13): ಅ, ಒ, ಕ, ಕೆ, ಸ, ಸೆ, ನಿ, ಹ, ಮ, ಮು, ಮೊ, ಯ, ವೊ.
ನಾಲ್ಕು ಗೆರೆ (5): ಕಿ, ತ, ನ, ಫು, ಹೊ.

ಒಟ್ಟು 104 ಗೆರೆ. ದಿನಕ್ಕೊಂದು ಗುಂಪು. ಪ್ರತಿ ಅಕ್ಷರಕ್ಕೆ ಆರು ಮನೆ: ಎರಡು ಪಟ ನೋಡುತ್ತ, ಎರಡು ಒಮ್ಮೆ ನೋಡಿ ಮುಚ್ಚಿ, ಎರಡು ನೋಡದೆ. ಅದಕ್ಕಿಂತ ಹೆಚ್ಚು ಬರೆದರೆ ಕೈ ಯಂತ್ರವಾಗುತ್ತದೆ. ಏಳನೆಯದು ಆರನೆಯದಕ್ಕಿಂತ ಕೆಟ್ಟದಾಗಿರುವುದೇ ಹೆಚ್ಚು.

ಗೆರೆಗಳ ಕ್ರಮಕ್ಕೆ ಒಂದು ಅಡಿಪಾಯ ಸಾಕು: ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ತಲೆಕಟ್ಟಿನಂತೆ ಕಾಣುವ ಅಡ್ಡಗೆರೆ ಸಾಮಾನ್ಯವಾಗಿ ಮೊದಲು ಬರುತ್ತದೆ. ಇದಕ್ಕೆ ಹೊರತಾದವನ್ನು ನೆನಪಿಡಿ. ‘ಮೊ’ದಲ್ಲಿ ಗಾಳದ ಕೊಕ್ಕೆ ಮೊದಲು, ಎರಡು ಅಡ್ಡಗೆರೆ ಆಮೇಲೆ. ‘ಯ’ದಲ್ಲಿ ದೊಡ್ಡ ಬಾಗು ಮೊದಲು, ಚುಟುಕು ಗೆರೆ ಎರಡನೆಯದು, ಉದ್ದದ ಓರೆಗೆರೆ ಕೊನೆಗೆ. ‘ಸೆ’ದಲ್ಲಿ ಅಡ್ಡಗೆರೆ, ಆಮೇಲೆ ಬಲಗಡೆಯ ಗಿಡ್ಡಗೆರೆ, ಕೊನೆಗೆ ಎಡದ್ದು. ‘ನ’ದಲ್ಲಿ ಬಲಮೇಲಿನ ಚುಕ್ಕಿ ಮೂರನೆಯದು, ಕುಣಿಕೆಯ ಗೆರೆ ಕೊನೆಯದು. ಕ್ರಮ ತಪ್ಪಿದರೆ ಆಗುವ ನಷ್ಟ ಕಣ್ಣಿಗೆ ಕಾಣುವಂಥದ್ದೇ: ಹನೆಯ ಚಿಮ್ಮು ಮುಂದಿನ ಗೆರೆ ಶುರುವಾಗುವ ಕಡೆಗೆ ನೋಡುತ್ತದೆ. ಕ್ರಮ ಬದಲಾದರೆ ಚಿಮ್ಮು ತಪ್ಪು ದಿಕ್ಕಿಗೆ ಹೋಗಿ ಅಕ್ಷರ ಸೊಟ್ಟಗಾಗುತ್ತದೆ.

ಕನ್ನಡದ ಕೈಯ ದೊಡ್ಡ ದೋಷ ಕುಣಿಕೆಯಲ್ಲಿದೆ. ನ, ಹ, ಹೊ, ಮ, ಯೊ ಅಕ್ಷರಗಳ ಬುಡದಲ್ಲಿ ಸಣ್ಣ ಕುಣಿಕೆ ಇದೆ. ದುಂಡಕ್ಷರ ಬರೆದು ಪಳಗಿದ ಕೈ ಅಲ್ಲಿ ಸೊನ್ನೆ ಸುತ್ತಿಬಿಡುತ್ತದೆ. ಅದು ಸೊನ್ನೆಯಲ್ಲ, ಅಡ್ಡಕ್ಕೆ ಚಪ್ಪಟೆಯಾದ ಮೀನಿನ ಆಕಾರ. ಸರಿಪಡಿಸುವ ದಾರಿ: ನೇರ ಕೆಳಗಿಳಿದ ಗೆರೆಯನ್ನು ಮನೆಯ ಬುಡದ ಹತ್ತಿರ ಎಡಕ್ಕೆ ಹೊರಳಿಸಿ, ಮೇಲಕ್ಕೆ ಹೆಚ್ಚು ಏರದೆ ಬಲಕ್ಕೆ ತಿರುಗಿ ಬಂದ ಗೆರೆಯನ್ನೇ ದಾಟಿ, ಬಲಗಡೆ ಒತ್ತಿ ನಿಲ್ಲಿಸಿ. ಕುಣಿಕೆಯ ಎತ್ತರ ಅದರ ಅಗಲದ ಅರ್ಧ ದಾಟಬಾರದು.

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಉತ್ತರ ಆರಿಸಿದರೆ ಸಾಕು, ಕೈಬರಹ ಕೇಳುವುದಿಲ್ಲ. ಹಾಗೆಂದು ಈ ನಾಲ್ಕು ದಿನ ಬಿಡಬೇಡಿ. ಮುಂದೆ ಹೇಳುವ ಅವಳಿಗಳನ್ನು ಬೇರ್ಪಡಿಸುವುದು ಕೈಯೇ. ಬರೀ ನೋಡಿ ಕಲಿತವರು ತಿಂಗಳಾದರೂ ಅಲ್ಲಿ ತಡಕಾಡುತ್ತಾರೆ.

ರಿಪೇರಿ: ತಪ್ಪಿದ ಕಟ್ಟಿನಲ್ಲಿ ಸಿಕ್ಕುವ ಅವಳಿಗಳು

9ನೇ ದಿನಕ್ಕೆ ತಪ್ಪಿದ ಕಟ್ಟನ್ನು ಬಿಚ್ಚಿದರೆ ಬಹುತೇಕ ಇವೇ ಇರುತ್ತವೆ. ಒಂದೊಂದನ್ನೇ ಬಿಡಿಯಾಗಿ ಉಜ್ಜಿದರೆ ಸರಿಹೋಗದು. ಜೋಡಿಯನ್ನು ಅಕ್ಕಪಕ್ಕದ ಮನೆಯಲ್ಲಿ ಬರೆದು, ವ್ಯತ್ಯಾಸದ ಜಾಗವನ್ನು ಬಾಯಲ್ಲಿ ಹೇಳಬೇಕು.

ನು ಮತ್ತು ಮೆ: ‘ನು’ವಿಗೆ ಕೊನೆಯಲ್ಲಿ ಕುಣಿಕೆ, ‘ಮೆ’ಗೆ ಇಲ್ಲ. ‘ಮೆ’ ಹುಟ್ಟಿದ್ದು ‘ಹೆಣ್ಣು’ ಎಂಬ ಚೀನೀ ಅಕ್ಷರದಿಂದ. ‘ನು’ವಿನ ಮೂಲಾಕ್ಷರದ ಎಡಭಾಗವೂ ಅದೇ, ಬಲಕ್ಕೆ ಇನ್ನೊಂದು ತುಂಡು ಸೇರಿದೆ. ಆ ತುಂಡು ಸವೆದು ಉಳಿದದ್ದೇ ಕುಣಿಕೆ.

ನೆ, ರೆ, ವ: ಮೂರಕ್ಕೂ ಎಡಗಡೆ ಒಂದೇ, ಉದ್ದ ಕಂಬ ಮತ್ತು ಅದನ್ನು ಹಾಯುವ ಅಂಕುಡೊಂಕು. ಬಲಗಡೆಯ ಬಾಲ ನೋಡಿ: ‘ವ’ದ್ದು ಒಳಕ್ಕೆ ಬಾಗುತ್ತದೆ, ‘ರೆ’ಯದು ಹೊರಕ್ಕೆ ಚಿಮ್ಮುತ್ತದೆ, ‘ನೆ’ಯದು ಕುಣಿಕೆಯಾಗುತ್ತದೆ. ಈ ಮೂರನ್ನೂ ಒಂದೇ ದಿನ ಬರೆಯಿರಿ.

ರು ಮತ್ತು ರೊ: ಕೊನೆಯಲ್ಲಿ ಕುಣಿಕೆ ಇದ್ದರೆ ‘ರು’, ತೆರೆದಿದ್ದರೆ ‘ರೊ’.

ಹ, ಹೊ, ಮ: ‘ಹೊ’ಗೆ ಎರಡು ಅಡ್ಡಗೆರೆ, ಅದರ ನಡುಗಂಬ ಮೇಲಿನ ಅಡ್ಡಗೆರೆಯನ್ನು ಮೀರಿ ತಲೆ ಎತ್ತುವುದಿಲ್ಲ. ‘ಹ’ ಮತ್ತು ‘ಮ’ದಲ್ಲಿ ಎತ್ತುತ್ತದೆ. ‘ಹೊ’ಗೆ ತಲೆ ಎತ್ತಿಸುವುದು ಕೈಬರಹದಲ್ಲಿ ಅತಿ ಸಾಮಾನ್ಯ ತಪ್ಪು.

ಸ ಮತ್ತು ಚಿ: ‘ಚಿ’ಯ ಹೊಟ್ಟೆ 5 ಎಂಬ ಅಂಕಿಯಂತೆ ಬಲಕ್ಕೆ ಉಬ್ಬುತ್ತದೆ. ‘ಸ’ದ ಬುಡ ಎಡಕ್ಕೆ ಉಬ್ಬಿ ಬಲಕ್ಕೆ ತೆರೆದಿರುತ್ತದೆ. ‘ಸ’ಕ್ಕೆ ಇನ್ನೊಂದು ಅಡ್ಡಗೆರೆ ಸೇರಿದರೆ ‘ಕಿ’.

ಇ ಮತ್ತು ರಿ: ‘ಇ’ ಅಗಲ, ಎಡಗೆರೆ ಉದ್ದ. ‘ರಿ’ ನೀಳ, ಬಲಗೆರೆ ಉದ್ದ.

ಅ ಮತ್ತು ಒ: ಬಲಮೇಲೆ ಬಿಡಿ ಚುಕ್ಕಿ ಇದ್ದರೆ ‘ಒ’.

10, 11ನೇ ದಿನ: ಎರಡು ಗೀಟು, ಒಂದು ಸೊನ್ನೆ, ಚಿಕ್ಕ ಯಕಾರ

ಕ, ಸ, ತ, ಹ ಸಾಲುಗಳ ಬಲಮೇಲೆ ಎರಡು ಸಣ್ಣ ಗೀಟು ಹಾಕಿದರೆ ಗ, ಜ಼, ದ, ಬ ಆಗುತ್ತವೆ: 20. ಹ ಸಾಲಿಗೆ ಗೀಟಿನ ಬದಲು ಸಣ್ಣ ಸೊನ್ನೆ ಇಟ್ಟರೆ ಪ: 5. ‘ಹ’ ಮೊದಲು ‘ಪ’ ಆಗಿತ್ತು ಎಂಬುದು ಗೊತ್ತಿದ್ದರೆ ಅದೇ ಸಾಲಿನಿಂದ ಬ, ಪ ಎರಡೂ ಹೊರಡುವುದು ವಿಚಿತ್ರ ಎನಿಸದು.

ಇದಕ್ಕೆ 25 ಹೊಸ ಕಾರ್ಡು ಮಾಡಬೇಡಿ. ಪ್ಲಾಸ್ಟಿಕ್ ತುಂಡನ್ನು ಕಾರ್ಡಿನ ಅಳತೆಗೆ ಎರಡು ಕತ್ತರಿಸಿ, ಒಂದರ ಬಲಮೇಲೆ ಎರಡು ಗೀಟು, ಇನ್ನೊಂದರಲ್ಲಿ ಸೊನ್ನೆ ಬರೆದು ಕಾರ್ಡಿನ ಮೇಲಿಟ್ಟು ಓದಿ. ಹಾಕಿ ತೆಗೆದು ಮಾಡುವಾಗ ಜೋಡಿ ತಾನಾಗಿಯೇ ಮನಸ್ಸಿಗೆ ಕೂರುತ್ತದೆ. ‘ಶಿ’ಗೆ ಗೀಟಿಟ್ಟರೂ ‘ಚಿ’ಗೆ ಗೀಟಿಟ್ಟರೂ ಉಚ್ಚಾರ ‘ಜಿ’. ‘ಸು’, ‘ತ್ಸು’ಗಳಿಗೂ ಹಾಗೇ, ಎರಡೂ ‘ಜ಼ು’. ಬರೆಯುವಾಗ ಸಾಮಾನ್ಯವಾಗಿ ಸ ಸಾಲಿನದೇ. ಮೂಲ ಪದದಲ್ಲಿ ಚಿ, ತ್ಸು ಇದ್ದಾಗ, ಅಥವಾ ಅದೇ ಅಕ್ಷರ ಎರಡು ಸಲ ಬಂದಾಗ ಮಾತ್ರ ತ ಸಾಲಿನದು. ಮಿಕ ಮತ್ತು ತ್ಸುಕಿ (ಚಂದ್ರ) ಸೇರಿದ ‘ಮಿಕಜ಼ುಕಿ’, ಅಂದರೆ ಬಿದಿಗೆಯ ಚಂದ್ರನಂಥ ಎಳೆಚಂದ್ರ, ಮೊದಲನೆಯದಕ್ಕೆ ಉದಾಹರಣೆ. ‘ತ್ಸುಜ಼ುಕು’ (ಮುಂದುವರಿ) ಎರಡನೆಯದಕ್ಕೆ.

ಮಿಕ್ಕ ಎರಡು ಕಾರ್ಡುಗಳನ್ನು ಅರ್ಧ ಮಾಡಿ ಚಿಕ್ಕ ಯ, ಯು, ಯೊ ಮತ್ತು ಚಿಕ್ಕ ತ್ಸು ಬರೆಯಿರಿ. ‘ಕಿ’ ಪಕ್ಕದಲ್ಲಿ ದೊಡ್ಡ ‘ಯ’ ಬಂದರೆ ಕಿಯ, ಚಿಕ್ಕದು ಬಂದರೆ ಕ್ಯ. ನಮ್ಮ ಯ ಒತ್ತೇ ಇದು. ‘ಇ’ ಸ್ವರದ 11 ಅಕ್ಷರಗಳ ಜೊತೆ ಮೂರು ಸೇರಿ 33. ಅಡ್ಡ ಬರಹದಲ್ಲಿ ಚಿಕ್ಕ ಅಕ್ಷರ ಮನೆಯ ಎಡಗೆಳಗಿನ ಕಾಲುಭಾಗದಲ್ಲಿ ಕೂರಬೇಕು, ಲಂಬ ಬರಹದಲ್ಲಿ ಬಲಮೇಲಿನದರಲ್ಲಿ. ಬರೀ ಸಣ್ಣದಾಗಿ ಬರೆದರೆ ಸಾಲದು, ಜಾಗವೂ ಸರಿ ಇರಬೇಕು. ಬ್ಯೋಇನ್ ಎಂದರೆ ಆಸ್ಪತ್ರೆ, ಬಿಯೋಇನ್ ಎಂದರೆ ಬ್ಯೂಟಿ ಪಾರ್ಲರ್. ನಡುವಿನ ಅಂತರ ಒಂದು ‘ಯೊ’ದ ಗಾತ್ರ.

12ನೇ ದಿನ: ಮಾತ್ರೆ ಎಣಿಸುವುದು

ಇಡೀ ಕೆಲಸದಲ್ಲಿ ಕನ್ನಡ ಹೆಚ್ಚು ನೆರವಾಗುವ ದಿನ ಇದು. ಜಪಾನಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಮಾತ್ರೆ; ಚಿಕ್ಕ ಯ, ಯು, ಯೊಗಳಿಗೆ ಮಾತ್ರ ಮನೆ ಬೇರೆ ಇದ್ದರೂ ಮಾತ್ರೆ ಬೇರೆ ಇಲ್ಲ. ದೀರ್ಘಕ್ಕೆ ಒಂದು ಸ್ವರಾಕ್ಷರ ಹೆಚ್ಚು, ದ್ವಿತ್ವಕ್ಕೆ ಒಂದು ಚಿಕ್ಕ ತ್ಸು ಹೆಚ್ಚು. ಪದವನ್ನು ಕನ್ನಡದಲ್ಲಿ ಬರೆದು ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿ: ಆ ಚಿಕ್ಕ ಯಕಾರಗಳನ್ನು ಬಿಟ್ಟು ಹಿರಗನದಲ್ಲಿ ಎಷ್ಟು ಮನೆ ಬೇಕು ಎಂಬ ಲೆಕ್ಕ ಸಿಗುತ್ತದೆ. ಕಿತೆ (ಬಾ) ಎರಡು ಮಾತ್ರೆ, ಎರಡು ಅಕ್ಷರ. ಕಿತ್ತೆ (ಅಂಚೆಚೀಟಿ) ಮೂರು: ಕಿ, ಚಿಕ್ಕ ತ್ಸು, ತೆ. ಓಸಕ ನಾಲ್ಕು: ಒ, ಒ, ಸ, ಕ. ತೋಕ್ಯೋ ನಾಲ್ಕು: ತೊ, ಉ, ಕ್ಯೊ, ಉ. ಒಬಸನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮನ ವಯಸ್ಸಿನವರು, ಒಬಾಸನ್ ಎಂದರೆ ಅಜ್ಜಿ. ಇಲ್ಲಿ ಮಾತ್ರೆ ತಪ್ಪಿದರೆ ಎದುರಿಗಿದ್ದವರಿಗೆ ಬೇಸರವಾದೀತು.

ಲೆಕ್ಕ ತಪ್ಪುವುದು ಯ ಒತ್ತಿನ ಹಿಂದೆ. ಒಕ್ಯಕುಸನ್ (ಅತಿಥಿ) ಪದದ ‘ಒ’ ನಮ್ಮ ಛಂದಸ್ಸಿನಲ್ಲಿ ಗುರು, ಜಪಾನಿಯಲ್ಲಿ ಒಂದೇ ಮಾತ್ರೆ. ಶಿಥಿಲದ್ವಿತ್ವ ಎಂದು ಭಾವಿಸಿ ತೇಲಿಸಿ ಹೇಳಿ.

ದೀರ್ಘ ಬರೆಯುವಾಗ ಇನ್ನೊಂದು ಎಚ್ಚರ. ‘ಓ’ ಬೇಕಾದರೆ ಸಾಮಾನ್ಯವಾಗಿ ಒಕಾರದ ಮುಂದೆ ‘ಉ’ ಬರೆಯುತ್ತಾರೆ, ‘ಏ’ಗೆ ಎಕಾರದ ಮುಂದೆ ‘ಇ’. ಅದನ್ನು ಔ, ಐ ಎಂದು ಓದಬಾರದು. ‘ಓಕೀ’ (ದೊಡ್ಡದು), ‘ತೋಇ’ (ದೂರ), ‘ಕೋರಿ’ (ಮಂಜುಗಡ್ಡೆ) ಮುಂತಾದ ಕೆಲವಕ್ಕೆ ಮಾತ್ರ ‘ಒ’ವನ್ನೇ ಎರಡು ಸಲ ಬರೆಯಬೇಕು. ಓಸಕ ಈ ಗುಂಪಿನದು.

‘ನ್’ ಹೆಚ್ಚುಕಡಿಮೆ ನಮ್ಮ ಅನುಸ್ವಾರದಂತೆಯೇ ನಡೆಯುತ್ತದೆ: ಮುಂದೆ ಪ, ಬ, ಮ ಬಂದರೆ ತುಟಿ ಮುಚ್ಚುತ್ತದೆ, ಕ, ಗ ಬಂದರೆ ಗಂಟಲಿಗೆ ಹೋಗುತ್ತದೆ. ತೋಕ್ಯೋದ ಒಂದು ನಿಲ್ದಾಣದ ಹೆಸರು ಹಿರಗನದಲ್ಲಿ ಶಿ-ನ್-ಬ-ಶಿ. ಇಂಗ್ಲಿಷ್ ಫಲಕದಲ್ಲಿ ಅದೇ ‘ನ್’ ‘ಎಮ್’ ಆಗುತ್ತದೆ, ಹೊಸಬರು ಗಾಬರಿಯಾಗುತ್ತಾರೆ. ಕನ್ನಡದಲ್ಲಿ ‘ಶಿಂಬಶಿ’ ಎಂದು ಬರೆದರೆ ಗೊಂದಲವೇ ಇಲ್ಲ. ಪದದ ಕೊನೆಯಲ್ಲಿ ಬಂದಾಗ ಮಾತ್ರ ‘ಮ್’ ಎನ್ನದೆ ಮೂಗಿನಲ್ಲಿ ತೇಲಿಸಬೇಕು.

13, 14ನೇ ದಿನ: ಓಡಿಸಿ ನೋಡುವುದು

ಮೂರು ಅಕ್ಷರ ವಾಕ್ಯದಲ್ಲಿ ವೇಷ ಬದಲಿಸುತ್ತವೆ. ವಿಭಕ್ತಿಯಂತೆ ಪದದ ಬೆನ್ನಿಗೆ ಬಂದಾಗ ‘ಹ’ವನ್ನು ವ ಎಂದೂ ‘ಹೆ’ಯನ್ನು ಎ ಎಂದೂ ಓದಬೇಕು. ‘ವೊ’ ಬರುವುದೇ ಆ ಜಾಗದಲ್ಲಿ, ಅದರ ಉಚ್ಚಾರ ಒ. ‘ಕೊನ್ನಿಚಿವ’ ಎಂಬ ನಮಸ್ಕಾರದ ಕೊನೆಯ ಅಕ್ಷರ ‘ಹ’. ‘ವ’ ಎಂದು ಬರೆದರೆ ತಪ್ಪು. ‘ದೆಸು’ ಬರೆದದ್ದು ಕಿವಿಗೆ ‘ದೆಸ್’ ಎಂದು ಕೇಳುತ್ತದೆ. ಬರೆಯುವಾಗ ‘ಸು’ ಬಿಡಬೇಡಿ.

ಓದಲು ಮೊದಲ ಸಾಮಗ್ರಿ ಜಪಾನಿನ ರೈಲು ನಿಲ್ದಾಣಗಳ ಫಲಕಗಳ ಫೋಟೊ. ಹೆಸರು ಹಿರಗನದಲ್ಲೂ ಇರುತ್ತದೆ, ಪದ ಚಿಕ್ಕದು, ಉತ್ತರವನ್ನು ಕೂಡಲೇ ತಾಳೆ ನೋಡಬಹುದು: ಶಿಬುಯ, ಉಎನೊ, ನಗೊಯ, ಕ್ಯೋತೊ, ನಂಬ. ಆಮೇಲೆ ಪದಗಳ ನಡುವೆ ಜಾಗ ಬಿಟ್ಟು ಅಚ್ಚು ಮಾಡಿದ ಪುಟ್ಟ ಮಕ್ಕಳ ಪುಸ್ತಕ. ದೊಡ್ಡವರ ಬರಹದಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ಅದಕ್ಕೆ ಈಗಲೇ ಕೈ ಹಾಕಬೇಡಿ.

ಫೋನಿನಲ್ಲಿ ಹನ್ನೆರಡು ಕೀಲಿಯ ಜಪಾನಿ ಕೀಬೋರ್ಡ್ ಹಾಕಿಕೊಳ್ಳಿ. ‘ಕ’ ಕೀಲಿ ಒತ್ತಿದರೆ ಕ. ಎಡಕ್ಕೆ ಸರಿಸಿದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ. ವ ಸಾಲು ಬಿಟ್ಟರೆ ಉಳಿದ ಸಾಲುಗಳಿಗೂ ದಿಕ್ಕು ಅದೇ. ಕಲಿತ ವರ್ಣಮಾಲೆಯ ಕ್ರಮವೇ ಬೆರಳಿಗೆ ಇಳಿಯುತ್ತದೆ, ಇಂಗ್ಲಿಷ್ ಅಕ್ಷರ ಇಲ್ಲೂ ಬೇಕಾಗಿಲ್ಲ.

ಕೊನೆಯ ಪರೀಕ್ಷೆ 14ನೇ ದಿನ ಸಂಜೆ. ಕಲಸಿದ 46 ಕಾರ್ಡು ಒಂದು ನಿಮಿಷದೊಳಗೆ ಓದಬೇಕು. ಆಮೇಲೆ ಮನೆಯವರೊಬ್ಬರು ಕಾರ್ಡಿನ ಹಿಂಬದಿಯ ಕನ್ನಡ ಓದುತ್ತ ಹೋಗಲಿ. ಐದು ನಿಮಿಷದಲ್ಲಿ 46ನ್ನೂ ಬರೆದು ಪಟದ ಪಕ್ಕದಲ್ಲಿಟ್ಟು ಗೆರೆ ಗೆರೆ ತಾಳೆ ನೋಡಿ. ಓದಿನಲ್ಲಿ ಮೂರಕ್ಕಿಂತ ಹೆಚ್ಚು ತಪ್ಪಿದರೆ ಆ ಕಾರ್ಡುಗಳಷ್ಟನ್ನೇ ಹಿಡಿದು ಅವಳಿಗಳ ರಿಪೇರಿಗೆ ಹಿಂತಿರುಗಿ, ಇಡೀ ಕಟ್ಟನ್ನು ಮೊದಲಿನಿಂದ ಶುರು ಮಾಡಬೇಡಿ. ಬರವಣಿಗೆಯಲ್ಲಿ ತಪ್ಪಿದ್ದಕ್ಕೆ ಮತ್ತೆ ಆರು ಮನೆ, ಮರುದಿನ.